ನಂಬಿಕೆಯ ನಟನೆ ಭಕ್ತಿಯಾಗದು



ಮಾಘ ಶುದ್ಧ ನವಮಿಯು ನಮಗೆಲ್ಲ ಮಹಾಪರ್ವ. ಜಗದ್ಗುರು ಶ್ರೀಮನ್ಮಧ್ವಾಚಾರ್ಯರು ಉಡುಪಿಯ ಶ್ರೀ ಅನಂತೇಶ್ವರನ ಸನ್ನಿಧಿಯಲ್ಲಿ ಐತರೇಯೋಪನಿಷತ್ತಿನ ಪಾಠವನ್ನು ಹೇಳುತ್ತಿರುವಾಗಲೇ ದೇವತೆಗಳು ಸುರಿಸಿದ ಪುಷ್ಪರಾಶಿಯ ನಡುವೆ ಅದೃಶ್ಯರಾಗಿ ಬದರಿಗೆ ತೆರಳಿದರೆಂದು ನಾವು ಸ್ಮರಿಸುವ ದಿನವದು. ಈ ಪರ್ವದ ನಿಮಿತ್ತ ಮಠಮಂದಿರಗಳಲ್ಲಿ ಸುಮಧ್ವವಿಜಯದ 16 ಸರ್ಗಗಳ ಪಾರಾಯಣ, ಪ್ರವಚನ, ಪವಮಾನ ಹೋಮಗಳು ನಡೆಯುತ್ತವೆ. ಇಂತಹ ದಿನಗಳಲ್ಲಿ ಆಚಾರ್ಯರ ಮಹಿಮೆಯನ್ನು ಕೊಂಡಾಡುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಅದೇ ಗ್ರಂಥದ ಆಧಾರದಿಂದ ವಿಚಾರಿಸಬೇಕಾದ, ನಮ್ಮ ಮನೆಗಳಲ್ಲಿ ಮಾತ್ರ ಪಿಸುದನಿಯಲ್ಲಿ ಆಡಿ ಮುಗಿಸುವ ಒಂದು ವಿಷಯವನ್ನು ಈ ಸಲ ನಿಮ್ಮ ಮುಂದೆ ಇಡಲು ಬಯಸುತ್ತೇವೆ.

ಉಪನಯನವಾಗಿ, ವಿದ್ಯಾಭ್ಯಾಸ ಮುಗಿಸಿ, ಉದ್ಯೋಗಕ್ಕೆ ಸೇರಿದ ಮಗನು ಒಂದು ದಿನ ತಾಯಿಯೊಡನೆ, "ಅಮ್ಮಾ, ದೇವರಿದ್ದಾನೆಯೋ ಇಲ್ಲವೋ ನನಗೆ ತಿಳಿಯದು. ಸಂಧ್ಯಾವಂದನೆಯನ್ನು ಮಾಡುತ್ತಿದ್ದೇನೆ, ಆದರೆ ಮನಸ್ಸಿನಲ್ಲಿ ಏನೂ ಇಲ್ಲ" ಎನ್ನುತ್ತಾನೆ. ಮಗಳೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಕೇಳುತ್ತಾಳೆ. ತಾಯಿಯು ಕಣ್ಣೀರು ತೆಗೆಯುತ್ತಾಳೆ. ತಂದೆಯು, "ಇಂತಹ ಮಾತನ್ನು ಇನ್ನೊಮ್ಮೆ ಆಡಬೇಡ, ಬಾಯಿ ಮುಚ್ಚಿಕೊಂಡು ಮಾಡು" ಎಂದು ಗದರುತ್ತಾನೆ. ಅಂದಿನಿಂದ ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಮಗನು ಗೋಪೀಚಂದನವನ್ನು ಹಚ್ಚುತ್ತಾನೆ, ಆಚಮನ ಮಾಡುತ್ತಾನೆ, ಯಾರಾದರೂ ಕೇಳಿದರೆ ಎಲ್ಲವನ್ನೂ ನಂಬುತ್ತೇನೆ ಎನ್ನುತ್ತಾನೆ. ತಂದೆಗೆ ಸಮಾಧಾನವಾಯಿತು. ಆದರೆ ಆ ಮನೆಯಲ್ಲಿ ಧರ್ಮ ಹೆಚ್ಚಿತೇ, ಕಡಿಮೆಯಾಯಿತೇ?

ಇಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಸಂಶಯವೆಂಬುದು ಪಾಪವೇ? ಸಂಶಯವನ್ನು ಮುಚ್ಚಿಟ್ಟು ನಂಬಿದಂತೆ ನಟಿಸುವುದು ಸಂಶಯಕ್ಕಿಂತ ಮೇಲೇ? ನಂಬಿಕೆಯಿಲ್ಲದವನಲ್ಲಿ ನೀತಿಯೂ ಇರಲಾರದೇ? ಇವುಗಳನ್ನು ಶಾಸ್ತ್ರದ ಬೆಳಕಿನಲ್ಲಿಯೇ ನೋಡೋಣ.

ಮೊದಲನೆಯದಾಗಿ ಸಂಶಯ. ಮುಸ್ಸಂಜೆಯ ಹೊತ್ತಿನಲ್ಲಿ ದೂರದಲ್ಲಿ ನೆಟ್ಟಗೆ ನಿಂತಿರುವುದು ಮೋಟು ಮರವೋ ಮನುಷ್ಯನೋ ಎಂಬ ಜ್ಞಾನವನ್ನು ನಮ್ಮ ತಾರ್ಕಿಕರು ಸಂಶಯಕ್ಕೆ ಉದಾಹರಣೆಯಾಗಿ ಕೊಡುತ್ತಾರೆ. ಅಲ್ಲಿ ಮನಸ್ಸು ಎರಡು ಪಕ್ಷಗಳ ನಡುವೆ ತೂಗಾಡುತ್ತದೆ. ಈ ಸ್ಥಿತಿಯು ಪ್ರಮಾಣವಲ್ಲ, ನಿಜ. ಆದರೆ ಇಂತಹ ಸ್ಥಿತಿಗೆ ಬಂದವನು ಏನು ಮಾಡಬೇಕು? ಕಣ್ಣು ಮುಚ್ಚಿಕೊಂಡು "ಮನುಷ್ಯನೇ ಹೌದು" ಎಂದು ಕೂಗಬೇಕೇ? ಅಲ್ಲ, ಹತ್ತಿರ ಹೋಗಿ ನೋಡಬೇಕು. ಬ್ರಹ್ಮಸೂತ್ರಗಳನ್ನು ನೋಡಿರಿ. ಅವುಗಳ ಪ್ರಾರಂಭವೇ ಬ್ರಹ್ಮನನ್ನು ವಿಚಾರಿಸಬೇಕೆಂಬ ಮಾತಿನಿಂದ. ನಮ್ಮ ಸಂಪ್ರದಾಯದ ಗಣನೆಯಂತೆ 564 ಸೂತ್ರಗಳು. ಅವುಗಳನ್ನು ಅಧಿಕರಣಗಳಾಗಿ ವಿಂಗಡಿಸಿ ವ್ಯಾಖ್ಯಾನ ಮಾಡುವಾಗ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಅಂಗಗಳನ್ನು ಹೇಳುತ್ತಾರೆ. ಸಂಶಯವು ಶಾಸ್ತ್ರದ ಹೊರಗೆ ನಿಂತ ಶತ್ರುವಲ್ಲ. ಅದು ಅಧಿಕರಣದ ಒಂದು ಅಂಗ. ಸಂಶಯವಿಲ್ಲದ ಕಡೆ ವಿಚಾರವೇ ಹುಟ್ಟದು. ಶ್ರವಣವಾದ ಮೇಲೆ ಮನನವನ್ನು ವಿಧಿಸಿರುವುದಾದರೂ ಏತಕ್ಕೆ? ಕೇಳಿದ ವಿಷಯದಲ್ಲಿ ಏಳುವ ಸಂಶಯಗಳನ್ನು ಯುಕ್ತಿಯಿಂದ ಕಳೆದುಕೊಳ್ಳುವುದಕ್ಕಾಗಿ. ಸಂಶಯ ಬರಲೇಬಾರದೆಂದಿದ್ದರೆ ಮನನದ ವಿಧಿಯೇ ವ್ಯರ್ಥವಾಗುತ್ತಿತ್ತು.

"ಸಂಶಯಾತ್ಮನು ನಾಶವಾಗುತ್ತಾನೆಂದು ಗೀತೆಯೇ ಹೇಳಿದೆಯಲ್ಲ?" ಎಂದು ಹಿರಿಯರು ಕೇಳುವರು. ಮಕ್ಕಳ ಬಾಯಿ ಮುಚ್ಚಿಸಲು ಈ ಮಾತಿನಷ್ಟು ಬಳಕೆಯಾಗುವ ಮಾತು ಇನ್ನೊಂದಿಲ್ಲ. ಅದು ನಾಲ್ಕನೆಯ ಅಧ್ಯಾಯದ ಮಾತು. ಆದರೆ ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಕೆಲವೇ ಶ್ಲೋಕಗಳ ಮೊದಲು, ತತ್ತ್ವವನ್ನು ಜ್ಞಾನಿಗಳಿಂದ ತಿಳಿಯಲು ಮೂರು ಸಾಧನಗಳನ್ನು ಭಗವಂತನು ಹೇಳಿದ್ದಾನೆ: ನಮಸ್ಕಾರ, ಪರಿಪ್ರಶ್ನೆ ಮತ್ತು ಸೇವೆ. ನಡುವಿನದು ಪ್ರಶ್ನೆ, ಅದೂ ಮೇಲುಮೇಲಿನ ಪ್ರಶ್ನೆಯಲ್ಲ, ಸುತ್ತಲೂ ಬಳಸಿ ಕೇಳುವ ಪ್ರಶ್ನೆ. ಇನ್ನು ಸಂಶಯಾತ್ಮನ ಮಾತು ಬರುವ ಶ್ಲೋಕದಲ್ಲಿಯೇ ಅವನ ಜೊತೆಗೆ ಅಜ್ಞನನ್ನೂ ಶ್ರದ್ಧೆಯಿಲ್ಲದವನನ್ನೂ ಹೇಳಿದೆ. ಅದರ ಮುಂದೆ, ಸಂಶಯವನ್ನು ಜ್ಞಾನವೆಂಬ ಕತ್ತಿಯಿಂದ ಕಡಿಯಬೇಕೆಂದು ಹೇಳಿದೆ. ಜ್ಞಾನದಿಂದ ಕಡಿಯಬೇಕೆಂದನೇ ಹೊರತು ಗದರಿಕೆಯಿಂದ ಮುಚ್ಚಬೇಕೆಂದು ಹೇಳಲಿಲ್ಲ. ಆದುದರಿಂದ ನಾಶವಾಗುವವನು ಸಂಶಯ ಬಂದವನಲ್ಲ, ಸಂಶಯದಲ್ಲಿಯೇ ಮನೆ ಕಟ್ಟಿಕೊಂಡು, ತಿಳಿಯುವ ಪ್ರಯತ್ನವನ್ನೂ ಮಾಡದೆ ಕುಳಿತವನು. ಆರನೆಯ ಅಧ್ಯಾಯದಲ್ಲಿ ಅರ್ಜುನನೇ ತನ್ನ ಸಂಶಯವನ್ನು ಮುಚ್ಚಿಡದೆ ಹೇಳಿ, ನಿನ್ನ ಹೊರತು ಇದನ್ನು ಕಳೆಯುವವರು ಬೇರೆ ಸಿಗಲಾರರೆಂದು ಬೇಡುತ್ತಾನೆ. ಅವನಿಗೆ ಭಗವಂತನಿಂದ ಸಿಕ್ಕಿದ್ದು ಶಾಪವಲ್ಲ, ಉತ್ತರ. ಕೊನೆಯಲ್ಲಿಯೂ, ಇದೆಲ್ಲವನ್ನೂ ಪೂರ್ಣವಾಗಿ ವಿಮರ್ಶಿಸಿ ಇಷ್ಟವಾದಂತೆ ಮಾಡು ಎಂಬ ಅಭಿಪ್ರಾಯದ ಮಾತೇ ಅವನಿಗೆ ಬಂತು.

ಕಾಠಕೋಪನಿಷತ್ತಿನ ನಚಿಕೇತನನ್ನು ನೆನೆಯಿರಿ. ತಂದೆಯು ಯಜ್ಞದಲ್ಲಿ ಮುದಿಯಾದ, ಹಾಲು ಬತ್ತಿದ ಹಸುಗಳನ್ನು ದಾನ ಮಾಡುತ್ತಿದ್ದನು. ಕ್ರಿಯೆ ನಡೆಯುತ್ತಿತ್ತು, ಒಳಗಿನ ಸತ್ಯ ಬತ್ತಿತ್ತು. ಆಗ ಆ ಬಾಲಕನಲ್ಲಿ ಶ್ರದ್ಧೆಯು ಪ್ರವೇಶಿಸಿತೆಂದು ಉಪನಿಷತ್ತು ಹೇಳುತ್ತದೆ. ಶ್ರದ್ಧೆ ಬಂದ ಬಾಲಕನು ಮಾಡಿದ್ದೇನು? ಸುಮ್ಮನೆ ಕುಳಿತನೇ? ಇಲ್ಲ, ನನ್ನನ್ನು ಯಾರಿಗೆ ಕೊಡುವೆ ಎಂದು ತಂದೆಯನ್ನು ಕೇಳಿದನು. ಅಲ್ಲಿಂದ ಯಮನ ಮನೆಗೆ ಹೋಗಿ, ಮೂರನೆಯ ವರವಾಗಿ ಕೇಳಿದ್ದೂ ಒಂದು ಸಂಶಯದ ಪರಿಹಾರವನ್ನೇ. ಆ ಪ್ರಶ್ನೆಯ ಆಳವಾದ ಅರ್ಥವನ್ನು ಶ್ರೀಮದಾಚಾರ್ಯರ ಭಾಷ್ಯದಿಂದಲೇ ತಿಳಿಯಬೇಕು. ಪ್ರಕೃತಕ್ಕೆ ಇಷ್ಟು ಸಾಕು. ಈ ವಿಷಯದಲ್ಲಿ ಹಿಂದೆ ದೇವತೆಗಳಿಗೂ ಸಂಶಯವಿತ್ತೆಂದು ಯಮನೇ ಒಪ್ಪಿಕೊಳ್ಳುತ್ತಾನೆ. ಪ್ರಶ್ನೆಯನ್ನು ಬಿಟ್ಟುಬಿಡು ಎಂದು ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸುಗಳ ಆಸೆ ತೋರಿಸುತ್ತಾನೆ. ಬಾಲಕನು ಬಿಡಲಿಲ್ಲ. ಶ್ರದ್ಧೆಯೂ ಪ್ರಶ್ನೆಯೂ ಒಂದಕ್ಕೊಂದು ವೈರಿಗಳೆಂದು ತಿಳಿದವರು ಈ ಕಥೆಯನ್ನು ಮತ್ತೊಮ್ಮೆ ಓದಬೇಕು. ಶ್ರದ್ಧೆ ಎಂದರೆ ಸತ್ಯವು ಸಿಗುವುದೆಂಬ ಭರವಸೆ. ಆ ಭರವಸೆ ಇದ್ದವನೇ ಕೊನೆಯವರೆಗೂ ಕೇಳುತ್ತಾನೆ.

ಇನ್ನು ನಮ್ಮ ಆಚಾರ್ಯರ ಚರಿತ್ರೆಗೇ ಬರೋಣ. ಸನ್ಯಾಸ ಸ್ವೀಕರಿಸಿದ ಬಳಿಕ ಗುರುಗಳಾದ ಅಚ್ಯುತಪ್ರೇಕ್ಷರು ಇಷ್ಟಸಿದ್ಧಿಯ ಪಾಠವನ್ನು ಪ್ರಾರಂಭಿಸಿದಾಗ, ಅದರ ಮೊದಲ ಪದ್ಯದಲ್ಲಿಯೇ 32 ದೋಷಗಳನ್ನು ಶಿಷ್ಯರು ಎತ್ತಿ ತೋರಿಸಿದರೆಂದು ಸುಮಧ್ವವಿಜಯದಿಂದ ತಿಳಿಯುತ್ತೇವೆ. ಗುರುಗಳ ಮೇಲಿನ ಗೌರವದ ಹೆಸರಿನಲ್ಲಿ ತಮಗೆ ಒಪ್ಪಿಗೆಯಾಗದುದನ್ನು ಒಪ್ಪಿಗೆಯಾಯಿತೆಂದು ಅವರು ಹೇಳಲಿಲ್ಲ. ಅನಂತರದ ಕಾಲದಲ್ಲಿ ಕುಂಬಳೆಯ ಜಯಸಿಂಹರಾಜನ ಸೀಮೆಯಲ್ಲಿ, ಇಂದಿನ ಕಾಸರಗೋಡಿನ ಆಸುಪಾಸಿನಲ್ಲಿ, ಮಹಾಪಂಡಿತರಾದ ತ್ರಿವಿಕ್ರಮಪಂಡಿತರು ಆಚಾರ್ಯರೊಡನೆ ವಾದಕ್ಕೆ ನಿಂತರು. ಆ ವಾದವು 15 ದಿನಗಳ ಕಾಲ ನಡೆಯಿತೆಂಬುದು ಸಂಪ್ರದಾಯದ ಮಾತು. ಆಚಾರ್ಯರು ಎದುರಿಗೆ ಕುಳಿತ ಪಂಡಿತರನ್ನು ನಾಸ್ತಿಕನೆಂದು ಓಡಿಸಲಿಲ್ಲ. ಪಂಡಿತರೂ ಆಚಾರ್ಯರ ತೇಜಸ್ಸನ್ನು ಕಂಡು ಮೊದಲ ದಿನವೇ ತಲೆಬಾಗಿ, ಒಳಗೆ ಒಪ್ಪದೆ ಹೊರಗೆ ಒಪ್ಪಿದಂತೆ ನಡೆಯಲಿಲ್ಲ. ಆಕ್ಷೇಪಗಳೆಲ್ಲ ತೀರಿದ ಮೇಲೆಯೇ ಶಿಷ್ಯರಾದರು.

ಮುಂದೇನಾಯಿತು? ಆ ಪಂಡಿತರ ಪ್ರಾರ್ಥನೆಯಿಂದಲೇ ಆಚಾರ್ಯರು ಅನುವ್ಯಾಖ್ಯಾನವನ್ನು ರಚಿಸಿದರು. ಅದಕ್ಕೆ ಶ್ರೀಜಯತೀರ್ಥರ ಶ್ರೀಮನ್ನ್ಯಾಯಸುಧೆಯು ಬಂದಿತು. ಪಂಡಿತರೇ ಆಚಾರ್ಯರ ಭಾಷ್ಯಕ್ಕೆ ತತ್ತ್ವಪ್ರದೀಪವನ್ನು ಬರೆದರು. ನಮ್ಮ ಮನೆಗಳಲ್ಲಿ ಭಕ್ತಿಯಿಂದ ಪಾರಾಯಣವಾಗುವ ವಾಯುಸ್ತುತಿಯು ಅವರದೇ ಕೃತಿ. ಈ ಪರ್ವದಲ್ಲಿ ಪಾರಾಯಣವಾಗುವ ಸುಮಧ್ವವಿಜಯವು ಅವರ ಪುತ್ರರಾದ ನಾರಾಯಣಪಂಡಿತಾಚಾರ್ಯರದು. ಯೋಚಿಸಿ ನೋಡಿರಿ. ಅಂದು ಆ ವಾದವನ್ನು ಯಾರಾದರೂ ಗದರಿ ನಿಲ್ಲಿಸಿದ್ದರೆ, ಇಂದು ನಮ್ಮ ದೇವರಮನೆಗಳಲ್ಲಿ ಎಷ್ಟು ಗ್ರಂಥಗಳು ಇರುತ್ತಿರಲಿಲ್ಲ!

ಇದರ ಹಿಂದೆ ಸಿದ್ಧಾಂತದ ಒಂದು ಮರ್ಮವಿದೆ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ನಾವು ಅಂಗೀಕರಿಸಿದ್ದೇವೆ. ಆದರೆ ಬಂದ ಜ್ಞಾನವು ಸರಿಯಾದುದೆಂದು ಕೊನೆಗೆ ನಿಶ್ಚಯಿಸುವುದು ಪ್ರತಿಯೊಬ್ಬ ಜೀವನಲ್ಲಿಯೂ ಇರುವ ಸಾಕ್ಷಿ. ತಂದೆಯ ಸಾಕ್ಷಿಯು ಮಗನ ಪರವಾಗಿ ನಿಶ್ಚಯಿಸಲಾರದು, ಗುರುವಿನ ಸಾಕ್ಷಿಯು ಶಿಷ್ಯನ ಪರವಾಗಿ ನಿಶ್ಚಯಿಸಲಾರದು. ಹಸಿದವನ ಪರವಾಗಿ ಇನ್ನೊಬ್ಬನು ಊಟ ಮಾಡಲಾದೀತೇ? ಭಕ್ತಿಯೆಂದರೆ ಭಗವಂತನ ಮಾಹಾತ್ಮ್ಯಜ್ಞಾನದಿಂದ ಹುಟ್ಟಿದ, ಎಲ್ಲಕ್ಕಿಂತ ಮಿಗಿಲಾದ ದೃಢಸ್ನೇಹವೆಂದು ಆಚಾರ್ಯರು ನಿರ್ಣಯಿಸಿದ್ದಾರೆ. ಜ್ಞಾನವು ಮೊದಲು, ಸ್ನೇಹವು ಆಮೇಲೆ. ಅಪ್ಪಣೆಯಿಂದ ಜ್ಞಾನವೂ ಹುಟ್ಟದು, ಸ್ನೇಹವೂ ಹುಟ್ಟದು. ಅಪ್ಪಣೆಯಿಂದ ಹುಟ್ಟುವುದು ನಟನೆ ಮಾತ್ರ.

ಈ ನಟನೆಗೆ ಶಾಸ್ತ್ರವು ಇಟ್ಟ ಹೆಸರು ದಂಭ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಸಂಪತ್ತನ್ನು ಎಣಿಸುವಾಗ ಮೊಟ್ಟಮೊದಲು ಬರುವ ಹೆಸರು ಅದೇ. ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನದ ಸಾಧನಗಳನ್ನು ಹೇಳುವಾಗ ಎರಡನೆಯದಾಗಿ ಬರುವುದು ದಂಭವಿಲ್ಲದಿರುವಿಕೆ. ಹೊರಗಿನ ಇಂದ್ರಿಯಗಳನ್ನು ಬಿಗಿಹಿಡಿದು ಒಳಗೆ ಬೇರೆಯದನ್ನೇ ನೆನೆಯುವವನನ್ನು ಮೂರನೆಯ ಅಧ್ಯಾಯವು ಮಿಥ್ಯಾಚಾರನೆಂದು ಕರೆದಿದೆ. ಶ್ರದ್ಧೆಯಿಲ್ಲದೆ ಮಾಡಿದ ಹೋಮ, ದಾನ, ತಪಸ್ಸುಗಳು ಇಹಕ್ಕೂ ಪರಕ್ಕೂ ಸಲ್ಲವೆಂದು ಹದಿನೇಳನೆಯ ಅಧ್ಯಾಯವು ಮುಗಿಯುತ್ತದೆ. ಹೊಟ್ಟೆಪಾಡಿಗಾಗಿ ವೈರಾಗ್ಯವನ್ನು ತೋರುವವರನ್ನು ಪುರಂದರದಾಸರು ಹೇಗೆ ಹಾಡಿ ಬಯಲಿಗೆಳೆದರೆಂಬುದನ್ನು ನೀವೆಲ್ಲ ಬಲ್ಲಿರಿ.

ಇಲ್ಲಿ ನಮಗೆ ಅನುಕೂಲವಾದ ಮಾತುಗಳನ್ನು ಮಾತ್ರ ಹೇಳಿ ಉಳಿದುದನ್ನು ಬಿಟ್ಟರೆ ನಾವೇ ಸತ್ಯಕ್ಕೆ ದ್ರೋಹ ಬಗೆದಂತೆ. ಜಗತ್ತಿಗೆ ಈಶ್ವರನಿಲ್ಲವೆಂಬ ಮತವನ್ನು ಅದೇ ಹದಿನಾರನೆಯ ಅಧ್ಯಾಯವು ಅಸುರರ ಮತವೆಂದು ಖಂಡಿಸಿದೆ. ಅದನ್ನು ಮರೆಮಾಚಲಾಗದು, ಸಿದ್ಧಾಂತದಲ್ಲಿ ರಾಜಿಯೂ ಇಲ್ಲ. ಆದರೆ ಅಲ್ಲಿ ಹೇಳಿದವರು ಇಲ್ಲವೆಂದು ನಿಶ್ಚಯಿಸಿ, ಉಗ್ರಕರ್ಮಗಳಿಂದ ಜಗತ್ತಿಗೆ ಕೇಡು ಬಗೆಯುವವರು. "ನನಗೆ ಇನ್ನೂ ತಿಳಿಯದು" ಎನ್ನುವ ನಿಮ್ಮ ಮಗನು ಆ ಗುಂಪಿನವನಲ್ಲ. ಜೀವರಲ್ಲಿ ತಾರತಮ್ಯವಿದೆ, ತ್ರಿವಿಧ ಯೋಗ್ಯತೆಗಳಿವೆ ಎಂಬುದು ನಮ್ಮ ಸಿದ್ಧಾಂತ. ಆದರೆ ಇಂಥವನು ಇಂಥ ಯೋಗ್ಯತೆಯವನೆಂದು ಹೇಳುವ ಅಧಿಕಾರವು ಅಪರೋಕ್ಷಜ್ಞಾನಿಗಳಿಗೆ ಮಾತ್ರ. ಊಟದ ಪಂಕ್ತಿಯಲ್ಲಿ ಕುಳಿತು, ಪ್ರಶ್ನೆ ಕೇಳಿದ ಹುಡುಗನನ್ನು ತಮೋಯೋಗ್ಯನೆಂದು ತೀರ್ಮಾನಿಸುವವರು ತಮಗಿಲ್ಲದ ಜ್ಞಾನವನ್ನು ಇದೆಯೆಂದು ತೋರಿಸಿದಂತಾಯಿತು. ಅದೂ ದಂಭವೇ.

ಮೂರನೆಯ ಪ್ರಶ್ನೆ ನೀತಿಯದು. ನಂಬಿಕೆಯಿಲ್ಲದವನು ಸುಳ್ಳು, ಕಳವುಗಳಿಗೆ ಏಕೆ ಹೇಸುತ್ತಾನೆ ಎಂದು ಕೆಲವರು ಕೇಳುತ್ತಾರೆ. ಬೆಂಗಳೂರಿನ ಬಸವನಗುಡಿಯ ಹಿರಿಯರಿಗೆ ಡಾ. ಎಚ್. ನರಸಿಂಹಯ್ಯನವರ (1920–2005) ಪರಿಚಯ ಹೇಳಬೇಕಾಗಿಲ್ಲ. 1976ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವುದಕ್ಕೆ ಒಂದು ಸಮಿತಿಯನ್ನು ರಚಿಸಿದರು. ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅವರ ವಿಚಾರಗಳನ್ನು ನಾವು ಒಪ್ಪಲಾರೆವು. ಆದರೆ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡು, ಅವಿವಾಹಿತರಾಗಿ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ವಾಸಿಸಿ, ಖಾದಿಯುಟ್ಟು, ವಿದ್ಯಾರ್ಥಿಗಳಿಗಾಗಿ ಬಾಳಿದ ಆ ಜೀವನವನ್ನು ನೋಡಿಯೂ, ದೈವಶ್ರದ್ಧೆಯಿಲ್ಲದವನಲ್ಲಿ ನೀತಿಯಿರಲಾರದೆಂದು ಯಾರು ಹೇಳಿಯಾರು? ಇನ್ನೊಂದು ಕಡೆ, ಏಕಾದಶಿ ತಪ್ಪಿಸದೆ ತೂಕದಲ್ಲಿ ಮೋಸ ಮಾಡುವವರೂ, ತುಳಸಿಗೆ ಪ್ರದಕ್ಷಿಣೆ ಹಾಕಿ ಸೊಸೆಯ ಕಣ್ಣಲ್ಲಿ ನೀರು ಹಾಕಿಸುವವರೂ ಇಲ್ಲವೇ?

ಹಾಗಾದರೆ ನಂಬಿಕೆ ಬೇಡವೇ? ಬೇಕು. ಆದರೆ ವ್ಯಾಪಾರದ ನಂಬಿಕೆಯಲ್ಲ. ವನಪರ್ವದಲ್ಲಿ ದ್ರೌಪದೀದೇವಿಯು, ಧರ್ಮಿಷ್ಠರಾದ ನಾವು ಕಾಡಿನಲ್ಲಿರುವಾಗ ಅಧರ್ಮಿಗಳು ಅರಮನೆಯಲ್ಲಿರುವುದು ಯಾವ ನ್ಯಾಯ ಎಂದು ಕೇಳುತ್ತಾಳೆ. ಧರ್ಮರಾಜನು ಅವಳ ಮಾತಿನಲ್ಲಿ ನಾಸ್ತಿಕ್ಯವಿದೆಯೆಂದು ಎಚ್ಚರಿಸುತ್ತಾನೆ; ಆದರೆ ಎದ್ದು ಹೋಗುವುದಿಲ್ಲ, ಕುಳಿತು ವಿಸ್ತಾರವಾಗಿ ಉತ್ತರಿಸುತ್ತಾನೆ. ಅವನ ಉತ್ತರದ ಸಾರವೇನು? ತಾನು ಫಲಕ್ಕಾಗಿ ಧರ್ಮವನ್ನು ಮಾಡುವವನಲ್ಲ, ಧರ್ಮದಿಂದ ಲಾಭ ಕರೆಯಲು ಹೊರಟವನು ಧರ್ಮದ ವ್ಯಾಪಾರಿ ಎಂಬುದು. ನರಕದ ಭಯ ಮತ್ತು ಸ್ವರ್ಗದ ಆಸೆಗಳ ಮೇಲೆ ಮಾತ್ರ ನಿಂತ ನೀತಿಯು ಭಯ ಹೋದೊಡನೆ ಬೀಳುತ್ತದೆ. ಭಗವಂತನು ಸರ್ವಾಂತರ್ಯಾಮಿ, ಎದುರಿಗಿರುವವನ ಒಳಗೂ ಅವನೇ ಇದ್ದಾನೆ ಎಂಬ ತಿಳಿವಿನಿಂದ ಹುಟ್ಟಿದ ನೀತಿಯು ಬೀಳುವುದಿಲ್ಲ. ನಂಬಿಕೆಯು ನೀತಿಗೆ ಕೊಡುವ ಬಲ ಇದು.

ಇಷ್ಟು ಹೇಳಿದುದನ್ನು ಕೇಳಿ ತರುಣರು ಸಂತೋಷಪಟ್ಟಿರಬಹುದು. ಅವರಿಗೂ ಒಂದು ಮಾತು. ನಂಬಿಕೆಯ ನಟನೆಯಿರುವಂತೆ ಸಂಶಯದ ನಟನೆಯೂ ಉಂಟು. ರಾಮಾಯಣದಲ್ಲಿ ಜಾಬಾಲಿಯು ಶ್ರೀರಾಮನಿಗೆ, ಪರಲೋಕವಿಲ್ಲ, ಶ್ರಾದ್ಧದ ಅನ್ನವು ವ್ಯರ್ಥ, ಇಲ್ಲಿ ಒಬ್ಬನು ಉಂಡದ್ದು ಬೇರೆಡೆ ಇರುವವನಿಗೆ ತಲುಪುವುದಾದರೆ ಪ್ರಯಾಣಿಕನಿಗೆ ದಾರಿಬುತ್ತಿಯೇ ಬೇಡವಲ್ಲ ಎಂದು ವಾದಿಸಿದನು. ಇಂದು ಹೊಸದೆಂದು ಕೇಳಿಬರುವ ಆಕ್ಷೇಪವನ್ನು ವಾಲ್ಮೀಕಿಗಳು ಅಂದೇ ಬರೆದಿಟ್ಟಿದ್ದಾರೆ. ಆದರೆ ಜಾಬಾಲಿಯ ಮಾತು ಅವನ ಒಳಗಿನ ಮಾತಾಗಿರಲಿಲ್ಲ. ಶ್ರೀರಾಮನನ್ನು ಅಯೋಧ್ಯೆಗೆ ಹಿಂದಿರುಗಿಸುವ ಉದ್ದೇಶದಿಂದ ಆಡಿದ್ದೆಂದು ವಸಿಷ್ಠರು ಅನಂತರ ವಿವರಿಸಿದರು. ಬೆಳಗ್ಗೆ ಏಳುವ ಆಲಸ್ಯಕ್ಕೆ ವಿಚಾರವಾದದ ಹೆಸರನ್ನಿಟ್ಟರೆ, ಗೆಳೆಯರ ಮೆಚ್ಚುಗೆಗಾಗಿ ತಂದೆಯ ಆಚಾರವನ್ನು ನಗೆಯಾಡಿದರೆ, ಅದೂ ಅಪ್ರಾಮಾಣಿಕತೆಯೇ. ಭೌತಶಾಸ್ತ್ರವನ್ನು ಅಲ್ಲಗಳೆಯಬೇಕಾದರೆ ಮೊದಲು ಅದನ್ನು ಓದಬೇಕೆಂದು ನೀವೇ ಹೇಳುವಿರಿ. ಅದೇ ನಿಯಮವು ವೇದಾಂತಕ್ಕೂ ಇರಲಿ. ಒಬ್ಬ ಗುರುವಿನ ಬಳಿ ಒಂದು ಗ್ರಂಥವನ್ನಾದರೂ, ಕಥಾಲಕ್ಷಣವನ್ನೋ ತತ್ತ್ವಸಂಖ್ಯಾನವನ್ನೋ ಗೀತಾಭಾಷ್ಯವನ್ನೋ, ಸಾವಧಾನವಾಗಿ ಓದಿ, ಆಮೇಲೆ ಒಪ್ಪಿರಿ ಅಥವಾ ಆಕ್ಷೇಪಿಸಿರಿ. ಸಂಶಯ ಬಂದವನಿಗೆ ವಿಶ್ರಾಂತಿಯಿಲ್ಲ, ಹತ್ತಿರ ಹೋಗಿ ನೋಡುವ ಕರ್ತವ್ಯವಿದೆ.

ಕೊನೆಗೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. "ತಂದೆಯವರ ಶ್ರಾದ್ಧವು ಬರುತ್ತಿದೆ. ನನಗೆ ಪರಲೋಕದ ವಿಷಯದಲ್ಲಿ ನಿಶ್ಚಯವಿಲ್ಲ. ಮಾಡಿದರೆ ಸುಳ್ಳಾಡಿದಂತೆ, ಮಾಡದಿದ್ದರೆ ತಾಯಿಗೆ ದುಃಖ. ಏನು ಮಾಡಲಿ?" ಕರ್ಮವನ್ನು ಬಿಡು ಎನ್ನುವ ಅಧಿಕಾರವು ನಮಗಿಲ್ಲ, ಸುಳ್ಳು ಹೇಳು ಎನ್ನುವ ಅಧಿಕಾರವೂ ನಮಗಿಲ್ಲ. ಆದರೆ ಎರಡರ ನಡುವೆ ದಾರಿಯಿದೆ. ದಂಭವೆಂದರೆ ಒಳಗೆ ಇಲ್ಲದುದನ್ನು ಇದೆಯೆಂದು ಜನರಿಗೆ ತೋರಿಸುವುದು. ತಾಯಿಯ ಮುಂದೆಯೂ ಪುರೋಹಿತರ ಮುಂದೆಯೂ, "ನನ್ನ ಸಂಶಯಗಳು ಇನ್ನೂ ತೀರಿಲ್ಲ; ಆದರೆ ತಂದೆಯ ಋಣವು ನನಗೆ ಕಣ್ಣಿಗೆ ಕಾಣುವ ಸತ್ಯ. ಆ ಸತ್ಯದಿಂದ ಮಾಡುತ್ತೇನೆ, ಉಳಿದುದನ್ನು ವಿಚಾರಿಸುತ್ತೇನೆ" ಎಂದು ಹೇಳಿ ಮಡಿಯುಟ್ಟು ಕುಳಿತವನು ದಾಂಭಿಕನಲ್ಲ. ದೇವಋಣ, ಋಷಿಋಣ, ಪಿತೃಋಣಗಳಲ್ಲಿ ಪಿತೃಋಣಕ್ಕೆ ಅವನ ದೇಹವೇ ಸಾಕ್ಷಿ. ತನ್ನಲ್ಲಿ ಇರುವಷ್ಟು ಸತ್ಯದ ಮೇಲೆ ನಿಂತು ಎಳ್ಳುನೀರು ಬಿಡಲಿ. ಇಂತಹ ಮಗನ ಕೈಯಿಂದ ಬಿದ್ದ ಎಳ್ಳುನೀರು, ಗಡಿಯಾರ ನೋಡುತ್ತ ನಂಬಿಕೆಯ ಮುಖವಾಡ ತೊಟ್ಟವನ ಎಳ್ಳುನೀರಿಗಿಂತ ಹಗುರವಾಗದೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಪಾಠ ಹೇಳುವ, ಪೂಜೆ ಮಾಡಿಸುವ ನಮ್ಮಂಥವರಿಗೂ ಇಲ್ಲಿ ಹೊಣೆಯಿದೆ. ತಿಳಿದುದನ್ನು ಹೇಳುವುದು, ತಿಳಿಯದುದನ್ನು ತಿಳಿಯದೆಂದು ಹೇಳಿ ತಿಳಿದವರ ಬಳಿಗೆ ಕಳುಹಿಸುವುದು, ಇವೆರಡೂ ಅಧ್ಯಾಪಕನ ಧರ್ಮ. ಪ್ರಶ್ನೆಗೆ ಉತ್ತರವಿಲ್ಲದಾಗ ಕೋಪವನ್ನು ಉತ್ತರವಾಗಿ ಕೊಟ್ಟರೆ ಶಾಸ್ತ್ರದಲ್ಲಿಯೇ ಉತ್ತರವಿಲ್ಲವೆಂದು ಕೇಳಿದವನು ತಿಳಿಯುತ್ತಾನೆ. ನಮ್ಮ ದಾರಿದ್ರ್ಯವು ಶಾಸ್ತ್ರದ ತಲೆಗೆ ಬರುತ್ತದೆ.

ಆದಕಾರಣ ಈ ಸಲದ ಮಧ್ವನವಮಿಯಂದು, ತೀರ್ಥಪ್ರಸಾದವಾದ ಮೇಲೆ, ಮನೆಯ ಹಿರಿಯರು ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು, "ನಿನ್ನ ಮನಸ್ಸಿನಲ್ಲಿ ಏನಿದೆ? ಹೆದರದೆ ಹೇಳು" ಎಂದು ಕೇಳಲಿ, ಮಕ್ಕಳು ಇದ್ದುದನ್ನು ಇದ್ದಂತೆ, ವಿನಯದಿಂದ ಹೇಳಲಿ. ಉತ್ತರವು ಅಂದೇ ಸಿಗದಿರಬಹುದು. ಪರಮಾತ್ಮನು ಸತ್ಯಸ್ವರೂಪನು, ಸತ್ಯವನ್ನಾಡಿದವನು ಅವನಿಂದ ದೂರ ಹೋಗಲಾರನು. ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನು ನಮ್ಮೆಲ್ಲರ ಸಂಶಯಗಳನ್ನು ಸಜ್ಜನರ ಸಹವಾಸ ಮತ್ತು ಸಚ್ಛಾಸ್ತ್ರಶ್ರವಣಗಳ ಮೂಲಕ ಪರಿಹರಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು